ಹೊರಗಿನ ಚಿಲಕ

ಆ ಮನೆಯಲ್ಲಿ ಮದುವೆ ಇದ್ದ ದಿನ ಮನೆಯವರು ಇದ್ದೂ ಇಲ್ಲದ ಹಾಗೆ ಇರಬೇಕು. ಇದು ಸೊಸೆಯ ಗಂಡ ಮಾಡಿದ ಕಾನೂನು. ಒಗೆದ ಬಟ್ಟೆ ಹಗ್ಗದ ಮೇಲೆ ಕಾಣಬಾರದು, ಒಗ್ಗರಣೆಯ ಘಾಟು ಅಂಗಳಕ್ಕೆ ಬರಬಾರದು, ಯಾರೂ ಯಾರನ್ನೂ ಕೂಗಿ ಕರೆಯಬಾರದು. ಹಾಸಿಗೆ, ಹೊದಿಕೆ, ಮಗಳ ಪುಸ್ತಕ, ಮಾವನ ಊರುಗೋಲು, ದಿನಬಳಕೆಯ ಪಾತ್ರೆ ಎಲ್ಲವನ್ನೂ ಹಿಂದಿನ ಸಾಲಿನ ಕೋಣೆಗಳಿಗೆ ತುರುಕಿ, ಮುಂದಿನ ಮನೆಯನ್ನು ತೊಳೆದು ಒರೆಸಿ, ಯಾರದೋ ಮಗಳಿಗೆ ಬಿಟ್ಟುಕೊಡಬೇಕು. ಸೊಸೆ ಈ ಕೆಲಸದಲ್ಲಿ ಎಷ್ಟು ಪಳಗಿದ್ದಳೆಂದರೆ, ಬೆಳಿಗ್ಗೆ ಕಾಫಿ ಆರುವುದರೊಳಗೆ ಸಂಸಾರವನ್ನೆಲ್ಲ ಗಂಟು ಕಟ್ಟಿ ಹಿಂದಕ್ಕೆ ಸಾಗಿಸುತ್ತಿದ್ದಳು, ಸಂಜೆ ಮತ್ತೆ ಬಿಚ್ಚಿ ಹರಡುತ್ತಿದ್ದಳು. ಸರ್ಕಸ್ಸಿನವರೂ ಇಷ್ಟು ಸಲ ಡೇರೆ ಕೀಳುವುದಿಲ್ಲ ಎಂದು ಮಗಳು ನಗುತ್ತಿದ್ದಳು.

ಮನೆ ಬಹಳ ಹಳೆಯದು. ಕಟ್ಟಿಸಿದವರ ಹೆಸರು ಮಾವನಿಗೂ ಸರಿಯಾಗಿ ಗೊತ್ತಿರಲಿಲ್ಲ. ಮೊಳದಗಲದ ಕಲ್ಲಿನ ಗೋಡೆ, ಒಬ್ಬರ ತೆಕ್ಕೆಗೆ ಸಿಗದ ಮರದ ಕಂಬಗಳು, ಕಾಳು ತುಂಬುತ್ತಿದ್ದ ಕಣಜದ ಕೋಣೆ, ಮುಂದೆ ತೆನೆ ಬಡಿಯುವ ಕಣ, ಪಕ್ಕದಲ್ಲಿ ಕೊಟ್ಟಿಗೆ. ಹೊಲವನ್ನು ಬೇರೆಯವರಿಗೆ ಪಾಲಿಗೆ ಕೊಟ್ಟಾಗಿತ್ತು. ಗಂಡನ ಕೈಗೆ ಬೇಸಾಯ ಹತ್ತಲಿಲ್ಲ, ಬಾಯಿಗೆ ಮಾತು ಹತ್ತಿತು. ಗೇಟಿಗೆ ‘ಇನ್ನೂರು ವರ್ಷದ ಬೇಸಾಯದ ಮನೆ, ಈಗ ನಿಮ್ಮ ಮದುವೆಗೆ’ ಎಂದು ಬೋರ್ಡು ಬರೆಸಿ ಹಾಕಿದ. ಅದರಲ್ಲಿ ಒಂದಷ್ಟು ವರ್ಷ ತಾನೇ ಸೇರಿಸಿದ್ದು. ಪಟ್ಟಣದವರು ಮುಗಿಬಿದ್ದರು. ಕಣಜದ ಕೋಣೆ ಮದುಮಗಳ ಅಲಂಕಾರದ ಕೋಣೆಯಾಯಿತು, ಕಣದಲ್ಲಿ ಕುರ್ಚಿ ಬಿದ್ದವು, ಬಾವಿಕಟ್ಟೆಗೆ ಬಣ್ಣದ ದೀಪ ಸುತ್ತಿದರು. ಕೈ ಹಚ್ಚದೆ ಉಳಿದದ್ದು ಕೊಟ್ಟಿಗೆ ಒಂದೇ.

ಕೊಟ್ಟಿಗೆ ಮಾವನದು. ಅಲ್ಲಿ ದೊಡ್ಡಮ್ಮ ಎಂಬ ಹಳೆಯ ಹಸು, ಗಯ್ಯಾಳಿ ಎಂಬ ಒದೆಯುವ ಹಸು, ಗಯ್ಯಾಳಿಯ ಎಳೆ ಕರು. ಕರುವಿಗೆ ಹೆಸರಿರಲಿಲ್ಲ. ಗುಣ ನೋಡದೆ ಹೆಸರಿಟ್ಟರೆ ಆಮೇಲೆ ನಾವೇ ನಾಚಿಕೊಳ್ಳಬೇಕಾಗುತ್ತದೆ ಎನ್ನುತ್ತಿದ್ದರು ಮಾವ, ಹಾಗೆ ಹೇಳುವಾಗ ಮಗನ ಕಡೆ ಒಂದು ನೋಟ ಬಿಡುತ್ತಿದ್ದರು.

ಸೊಸೆ ಪಟ್ಟಣದ ದರ್ಜಿಯ ಮಗಳು. ಈ ಮನೆಗೆ ಬಂದಾಗ ಹಸುವನ್ನು ಕಂಡರೆ ಬಾಗಿಲ ಹಿಂದೆ ನಿಲ್ಲುತ್ತಿದ್ದಳು. ಅತ್ತೆ ಆಗಲೇ ತೀರಿಕೊಂಡಿದ್ದರು. ಗಂಡ ಬೆಳಿಗ್ಗೆ ಹೊರಟರೆ ಕತ್ತಲಾದ ಮೇಲೆ ಬರುವವನು. ಮೊದಲ ವರ್ಷ ಅವಳ ಜೊತೆ ಕೂತು ನಾಲ್ಕು ಮಾತಾಡಿದವರು ಮಾವ ಒಬ್ಬರೇ, ಅದೂ ಕೊಟ್ಟಿಗೆಯಲ್ಲಿ, ಹಾಲು ಕರೆಯುವುದನ್ನು ಕಲಿಸುತ್ತ. ಕೆಚ್ಚಲಿಗೆ ಕೈ ಹಾಕುವಾಗ ಹೆದರಿದರೆ ಹಸುವಿಗೂ ಹೆದರಿಕೆಯಾಗುತ್ತದೆ, ಸುಮ್ಮನೆ ಏನಾದರೂ ಮಾತಾಡುತ್ತಿರು ಎಂದಿದ್ದರು. ಅವಳು ತವರಿನ ಸುದ್ದಿಯನ್ನೆಲ್ಲ ದೊಡ್ಡಮ್ಮನಿಗೆ ಹೇಳುತ್ತ ಹಾಲು ಕರೆಯಲು ಕಲಿತಳು, ಮಾವ ಪಕ್ಕದಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡರು. ಅವಳಿಗೆ ಈ ಮನೆ ತನ್ನದು ಅನ್ನಿಸಿದ್ದು ಅಲ್ಲಿಂದಲೇ.

ಆ ವರ್ಷ ಮದುವೆಯ ಕಾಲ ಶುರುವಾಗುವ ಮುಂಚೆ, ಬೆಳಗಿನ ತಿಂಡಿಯ ಹೊತ್ತಿಗೆ ಗಂಡ ವಿಷಯ ಎತ್ತಿದ. ಕಣದಲ್ಲಿ ಊಟಕ್ಕೆ ಹಾಕುವ ಶಾಮಿಯಾನ ಸಾಲುತ್ತಿಲ್ಲ. ಕೊಟ್ಟಿಗೆಯ ಗೋಡೆ ಗಟ್ಟಿಯಾಗಿದೆ, ನೆಲಕ್ಕೆ ಕಲ್ಲು ಹಾಸಿಸಿದರೆ ಒಳ್ಳೆಯ ಊಟದ ಹಾಲ್ ಆಗುತ್ತದೆ.

"ಉಣ್ಣೋ ಜಾಗದ ಪಕ್ಕದಲ್ಲೇ ಸಗಣಿ. ಬಂದೋರು ಮೂಗು ಮುಚ್ಕೋತಾರೆ ಅಪ್ಪ."

"ಬೇಸಾಯದ ಮನೆ ಅಂತ ಬೋರ್ಡು ಹಾಕ್ದೋನು ನೀನು," ಎಂದರು ಮಾವ, ರೊಟ್ಟಿ ಮುರಿಯುತ್ತ. "ಬೇಸಾಯದ ಮನೇಲಿ ಸಗಣಿ ಇರದೆ ಇನ್ನೇನು, ಸೆಂಟು ಇರುತ್ತಾ?"

ಮಗಳು ಬಾಯಲ್ಲಿದ್ದ ನೀರು ಉಗಿದುಕೊಂಡು ನಕ್ಕಳು. ಗಂಡ ನಗಲಿಲ್ಲ. ಮುದಿ ಹಸು ಹಾಲು ನಿಲ್ಲಿಸಿ ಎಷ್ಟೋ ಕಾಲವಾಯಿತು, ಇನ್ನೊಂದು ಕೊಡುವ ಹಾಲಿಗಿಂತ ಒದೆಯುವುದೇ ಹೆಚ್ಚು, ಹುಲ್ಲಿಗೆ ಮಾತ್ರ ತಾನು ಸುರಿಯುತ್ತಲೇ ಇರಬೇಕು ಎಂದು ಒಂದೇ ಉಸಿರಿಗೆ ಹೇಳಿದ. ಮಾವ ಎದ್ದು ಕೈ ತೊಳೆದರು. ತಟ್ಟೆಯಲ್ಲಿ ಅರ್ಧ ರೊಟ್ಟಿ ಉಳಿದಿತ್ತು. ಅದನ್ನು ತೆಗೆದುಕೊಂಡು ಕೊಟ್ಟಿಗೆಗೆ ನಡೆದರು.

ಕೊನೆಗೆ ಗಂಡ ಹೆಂಡತಿಗೆ ತನ್ನ ತೀರ್ಮಾನ ತಿಳಿಸಿದ. ಈ ಮದುವೆ ಕಾಲ ಮುಗಿಯುವವರೆಗೆ ತಡೆಯುತ್ತೇನೆ, ಆಮೇಲೆ ಹುಲ್ಲಿಗೆ ನನ್ನ ಕೈಯಿಂದ ಬಿಡಿಗಾಸೂ ಇಲ್ಲ, ದನ ತಮ್ಮ ಹೊಟ್ಟೆ ತಾವೇ ನೋಡಿಕೊಂಡರೆ ಇರಲಿ, ಇಲ್ಲದಿದ್ದರೆ ಹಗ್ಗ ಬಿಚ್ಚುತ್ತೇನೆ. ಅವಳು ಅವತ್ತು ಸಂಜೆ ಹಾಲು ಕರೆಯಲು ಕೂತಾಗ, ಅವರು ಕೇಳದಿದ್ದರೂ, ಮಾವನಿಗೆ ಮಾತು ಕೊಟ್ಟಳು.

"ನಾನಿರೋವರೆಗೂ ಇವುಗಳ ಹಗ್ಗ ಯಾರೂ ಬಿಚ್ಚಲ್ಲ ಮಾವ."

"ಮಾತು ಆಮೇಲೆ ಕೊಡು," ಎಂದರು ಮಾವ. "ಮೊದ್ಲು ಚೊಂಬು ಸರಿಯಾಗಿ ಹಿಡಿ. ಒದ್ದಾಳು."

ಮೊದಲ ಮದುವೆಯಲ್ಲೇ ಎಡವಟ್ಟಾಯಿತು. ಫೋಟೋದವನು ಮದುಮಕ್ಕಳನ್ನು ಕೊಟ್ಟಿಗೆಯ ಕಲ್ಲುಗೋಡೆಗೆ ಒರಗಿಸಿ, ಗದ್ದ ಎತ್ತು, ಕಣ್ಣು ಕೆಳಗೆ ಎಂದು ಕಸರತ್ತು ಮಾಡಿಸುತ್ತಿದ್ದ. ಮಾವ ಮೊಣಕಾಲಿನ ಮೇಲಿನ ತುಂಡು ಪಂಚೆಯಲ್ಲಿ, ತಲೆಯ ಮೇಲೆ ಸಗಣಿ ಬುಟ್ಟಿ ಹೊತ್ತು, ಅವರ ಹಿಂದಿನಿಂದ ಹಾದು ಹೋದರು. ಹೋದವರು ಸುಮ್ಮನೆ ಹೋಗಬಾರದೇ? ನಿಂತು, ಬುಟ್ಟಿ ಕೆಳಗಿಳಿಸದೆಯೇ, ಇಷ್ಟೊಂದು ಬಟ್ಟೆ ಹೊತ್ತು ಬಿಸಿಲಲ್ಲಿ ನಿಂತಿದ್ದೀಯಲ್ಲ ತಾಯಿ, ತಲೆ ತಿರುಗೀತು, ಒಳಗೆ ಬಂದು ನೀರು ಕುಡಿ ಎಂದು ಮದುಮಗಳನ್ನು ಉಪಚರಿಸಿದರು. ಆ ಹುಡುಗಿಗೆ ನಿಜಕ್ಕೂ ಬಾಯಾರಿಕೆಯಾಗಿತ್ತೇನೋ, ಹೊರಟೇಬಿಟ್ಟಳು. ಗಂಡಿನ ಕಡೆಯವರು ಮುಖ ಸಿಂಡರಿಸಿದರು. ಗಂಡ ಅವರಿಗೆ ಕೈಮುಗಿದು, ಇವರು ನಮ್ಮ ಹಳೆಯ ಆಳು, ಸ್ವಲ್ಪ ತಲೆ ಸರಿಯಿಲ್ಲ ಎಂದ. ಹತ್ತಿರದಲ್ಲೇ ನೀರಿನ ಲೋಟ ಹಿಡಿದು ನಿಂತಿದ್ದ ಸೊಸೆಗೆ ಆ ಮಾತು ಕೇಳಿಸಿತು. ಮಾವನಿಗೆ ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ. ಅವರು ಬುಟ್ಟಿ ಹೊತ್ತು ತಿಪ್ಪೆಯ ಕಡೆ ಹೋಗಿಯಾಗಿತ್ತು.

ಮಾರನೆಯ ದಿನವೇ ಬಡಗಿ ಬಂದ. ಮಾವನ ಕೋಣೆಯ ಬಾಗಿಲಿಗೆ ಹೊರಗಡೆಯಿಂದ ಚಿಲಕ ಬಿತ್ತು.

"ಬಚ್ಚಲ ಬಾಗಿಲಿಗೆ ಚಿಲಕ ಇಲ್ಲ ಅಂತ ಯಾವಾಗಿಂದ ಬಡ್ಕೋತಿದೀನಿ ಅಪ್ಪ," ಎಂದಳು ಮಗಳು. "ಸ್ನಾನ ಮಾಡುವಾಗ ಬಕೆಟ್ಟು ಅಡ್ಡ ಇಟ್ಕೋಬೇಕು. ಅಜ್ಜಂಗಾದ್ರೆ ಕೇಳದೇನೇ ಬಂತು."

"ಹೆಚ್ಚು ಮಾತಾಡ್ಬೇಡ. ಅವರ ಒಳ್ಳೇದಕ್ಕೇ. ಜನದ ಮಧ್ಯೆ ಬಿದ್ದುಗಿದ್ದಾರು."

ಹೇಳಿದನೇ ಹೊರತು, ಅಪ್ಪನನ್ನು ಒಳಗೆ ಹಾಕಿ ಚಿಲಕ ಎಳೆಯುವುದಕ್ಕೆ ಅವನ ಕೈ ಬರಲಿಲ್ಲ. ಆ ಕೆಲಸ ಹೆಂಡತಿಗೆ ವಹಿಸಿದ, ಬೇರೆ ಎಲ್ಲ ಕೆಲಸದ ಹಾಗೆ. ಮೊದಲ ಸಲ ಅವಳು ಬಾಗಿಲು ಎಳೆದು ಮತ್ತೆ ತೆರೆದಳು. ಮಾವ ಮಂಚದ ಮೇಲೆ ಕೂತು ಅವಳ ಸಂಕಟವನ್ನು ನೋಡಿ, ಹಾಕು ಹಾಕು, ಗಯ್ಯಾಳಿಗೂ ಹಗ್ಗ ಇಲ್ಲವೇ, ಹೊತ್ತಿಗೆ ಸರಿಯಾಗಿ ಮೇವು ಹಾಕಿದರಾಯಿತು ಎಂದು ತಮಾಷೆ ಮಾಡಿದರು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಚಿಲಕ ಹಾಕಿದಳು. ಆಮೇಲಿನ ಮದುವೆಗೆ ಅಳು ಬರಲಿಲ್ಲ. ಬರಬರುತ್ತ ಅದು ಹಾಲಿನ ಪಾತ್ರೆಗೆ ಮುಚ್ಚಳ ಮುಚ್ಚಿದಷ್ಟೇ ಸಲೀಸಾಯಿತು.

ಮಾವ ಒಳಗಿನಿಂದ ಬಾಗಿಲು ಬಡಿಯುತ್ತಿದ್ದರು. ಕುಡಿಯಲು ನೀರು, ಬಚ್ಚಲಿಗೆ ಹೋಗಬೇಕು, ದನಕ್ಕೆ ನೀರಿಟ್ಟೆಯಾ, ಕರು ಯಾಕೆ ಕೂಗುತ್ತಿದೆ. ಆ ಕೋಣೆಗೆ ಕೊಟ್ಟಿಗೆಯ ಕಡೆಗೆ ಒಂದು ಕಿಟಕಿ ಇತ್ತು, ಅವಳು ಓಡಿ ಬಂದು ಕಿಟಕಿಯಲ್ಲೇ ಉತ್ತರ ಹೇಳಿ ಹೋಗುತ್ತಿದ್ದಳು. ಮೊದಮೊದಲು ಬಡಿದ ಸದ್ದು ಕೇಳಿದ ಕೂಡಲೇ ಓಡುತ್ತಿದ್ದವಳು, ಕೆಲಸ ಹೆಚ್ಚಿದ ಹಾಗೆ ಎರಡನೆಯ ಸಲಕ್ಕೆ ಹೋಗತೊಡಗಿದಳು, ಆಮೇಲೆ ಮೂರನೆಯದಕ್ಕೆ. ಸ್ವಲ್ಪ ಹೊತ್ತು ಬಿಟ್ಟರೆ ಅವರೇ ಸುಮ್ಮನಾಗುತ್ತಾರೆ ಎಂಬುದನ್ನೂ ಕಂಡುಕೊಂಡಳು.

ಮದುವೆ ಕಾಲದ ನಡುವೆ ಹುಲ್ಲು ಕಡಿಮೆಯಾಯಿತು. ಪಾಲಿಗೆ ಹೊಲ ಮಾಡುವವನು ಈ ಸಲ ಮೇವು ತಡವಾಗುತ್ತದೆ ಎಂದ. ಗಂಡನನ್ನು ಕೇಳಿದರೆ ವಾರ ಕಳೆಯಲಿ ಎಂದ, ಆ ವಾರ ಕಳೆದ ಮೇಲೆ ಮುಂದಿನ ವಾರ ಎಂದ. ಮಾವ ಬೆಳಿಗ್ಗೆ ಎದ್ದು ಬದುವಿನ ಮೇಲಿನ ಹಸಿಹುಲ್ಲು ಕೊಯ್ದು ತರುತ್ತಿದ್ದರು, ಮದುವೆ ಇದ್ದ ದಿನ ಅದೂ ಇಲ್ಲ. ಅಡುಗೆಮನೆಯ ಮುಸುರೆ ನೀರಿಗೆ ಹಿಡಿ ಹೊಟ್ಟು ಕಲಸಿ ಕಲ್ಲಿನ ಬಾನಿಗೆ ಸುರಿಯುವುದು ಅವಳ ದಿನದ ಕೆಲಸ, ಈಗ ಅದೇ ದೊಡ್ಡ ಊಟವಾಯಿತು. ದೊಡ್ಡಮ್ಮನ ಪಕ್ಕೆಲುಬು ಎಣಿಸುವ ಹಾಗೆ ಕಾಣುತ್ತಿತ್ತು. ಒಂದು ರಾತ್ರಿ ಊಟಕ್ಕೆ ಕೂತಾಗ ಅವಳು ಗಂಡನ ಎದುರಿಗೆ ಬಾಯಿ ಬಿಟ್ಟಳು.

"ಹಸಿದ ದನ ಕಟ್ಕೊಂಡು ನಾವು ಹೇಗ್ರೀ ಉಣ್ಣೋದು?"

"ಅದನ್ನೇ ನಾನೂ ಹೇಳ್ತಿರೋದು. ಮಾರೋಣ."

"ಮಾರಿದ್ರೆ ಮಾವ ಉಳೀತಾರಾ?"

"ನನ್ನ ಜೀವ ತಿನ್ನೋಕೆ ಗಟ್ಟಿಯಾಗೇ ಇದಾರೆ ಅವರು," ಎಂದು ಗಂಡ ತಟ್ಟೆ ಸರಿಸಿ ಎದ್ದ.

ಹೀಗಿರುವಾಗ ಆ ದೊಡ್ಡ ಮದುವೆ ಬಂತು. ಹೆಣ್ಣಿನವರೂ ಹಣವಂತರು, ಗಂಡಿನವರೂ ಹಣವಂತರು, ಇಬ್ಬರಿಗೂ ಮೂಗಿನ ತುದಿಯಲ್ಲೇ ಕೋಪ. ಯಾರ ಕಡೆಯವರನ್ನು ಮುಂದಿನ ಸಾಲಿನಲ್ಲಿ ಕೂರಿಸಬೇಕು ಎಂಬುದರ ಮೇಲೆ ಮಾತಿಗೆ ಮಾತು ಬೆಳೆದು, ಗಂಡಿನ ಸೋದರಮಾವ ತನ್ನ ಪರಿವಾರವನ್ನೆಲ್ಲ ಬಸ್ಸಿಗೆ ಹತ್ತಿಸಿಕೊಂಡು ಉಣ್ಣದೆ ಹೊರಟುಹೋದ. ಮದುವೆಯೇನೋ ನಡೆಯಿತು. ಆದರೆ ಕೊಪ್ಪರಿಗೆಗಳಲ್ಲಿ ಅನ್ನ ಹಾಗೇ ಕೂತಿತು, ಸಿಹಿಯ ಪಾತ್ರೆಗಳಿಗೆ ಸೌಟೇ ಬಿದ್ದಿರಲಿಲ್ಲ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಅಡುಗೆಯವನು ಅವಳನ್ನು ಹುಡುಕಿಕೊಂಡು ಬಂದ. ಇದನ್ನೆಲ್ಲ ಎಲ್ಲಿ ಸುರಿಯಲಿ ಅಕ್ಕ, ಹಿಂದಿನ ಗುಂಡಿ ತುಂಬಿ ತುಳುಕುತ್ತಿದೆ, ನಾಳೆ ಮತ್ತೊಂದು ಪಾರ್ಟಿ ಬರುತ್ತದೆ, ಈಗಲೇ ನೊಣ ಮುತ್ತುತ್ತಿದೆ ಎಂದ. ಅವಳು ಕೊಪ್ಪರಿಗೆಯೊಳಗೆ ಬಗ್ಗಿ ನೋಡಿದಳು. ಬೆಳ್ಳಗೆ, ಬಿಡಿಬಿಡಿಯಾಗಿ, ಇನ್ನೂ ಬೆಚ್ಚಗಿದ್ದ ಅನ್ನ. ಅತ್ತ ಕೊಟ್ಟಿಗೆಯಲ್ಲಿ ಮೇವು ಹಾಕುವ ಗೋದಲಿ ಖಾಲಿ. ಅವಳಿಗೆ ಅಷ್ಟು ದಿನದಿಂದ ಎದೆಯ ಮೇಲಿದ್ದ ಭಾರ ಇಳಿದ ಹಾಗಾಯಿತು. ದನ ತಮ್ಮ ಹೊಟ್ಟೆ ತಾವೇ ನೋಡಿಕೊಳ್ಳಲಿ ಅಂದನಲ್ಲ ಗಂಡ, ಪ್ರತಿ ಮದುವೆಯಲ್ಲೂ ಮಿಗುತ್ತದೆ, ಇನ್ನು ಹುಲ್ಲಿನ ಮಾತೇ ಬೇಡ. ಇಷ್ಟು ಸುಲಭದ ಉಪಾಯ ಇಷ್ಟು ದಿನ ಹೊಳೆಯಲಿಲ್ಲವಲ್ಲ ಎಂದು ತನ್ನನ್ನೇ ಬೈದುಕೊಂಡಳು.

ಬಕೆಟ್ಟಿನಲ್ಲಿ ತುಂಬಿ ಹೊತ್ತು ಗೋದಲಿಗೆ ಸುರಿದಳು. ದೊಡ್ಡಮ್ಮ ಮೂಸಿ ನೋಡಿ, ಮುಖ ಹುದುಗಿಸಿ ತಿನ್ನತೊಡಗಿತು. ಗಯ್ಯಾಳಿ ತನ್ನ ಪಾಲು ಮುಗಿಸಿ ಪಕ್ಕದ ಪಾಲಿಗೂ ಬಾಯಿ ಹಾಕಿತು. ಮೇಲೆ ಒಂದಿಷ್ಟು ಸಿಹಿಯನ್ನೂ ಹಾಕಿದಳು, ಅವುಗಳಿಗೂ ಒಂದು ದಿನ ಮದುವೆ ಊಟ ಆಗಲಿ ಎಂದು. ಅವು ಹಾಗೆ ತಿನ್ನುವುದನ್ನು ನೋಡುತ್ತ ಅವಳಿಗೆ ನಿಜವಾಗಿ ಸಂತೋಷವಾಯಿತು.

ಆಗಲೇ ಬಾಗಿಲು ಬಡಿಯುವ ಸದ್ದು ಶುರುವಾಯಿತು.

ತಿರುಗಿ ನೋಡಿದರೆ ಕಿಟಕಿಯ ಸರಳಿನ ಸಂದಿಯಿಂದ ಮಾವನ ಕೈ ಹೊರಗೆ ಬಂದು ಆಡುತ್ತಿತ್ತು. ಆ ಗೋಡೆಯ ಮೇಲೆಯೇ ಹಾಡಿನವರ ದೊಡ್ಡ ಸ್ಪೀಕರ್ ಕಟ್ಟಿದ್ದರು, ಗೋಡೆಯೇ ಅದುರುವಷ್ಟು ಜೋರಾಗಿ ಹಾಡು. ಅವರ ಬಾಯಿ ಅಲ್ಲಾಡುವುದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಮಾವ ಕಿಟಕಿ ಬಿಟ್ಟು ಮತ್ತೆ ಬಾಗಿಲಿಗೆ ಹೋಗಿ ಊರುಗೋಲಿನಿಂದ ಬಡಿದರು, ಮತ್ತೆ ಕಿಟಕಿಗೆ ಬಂದರು. ಕಣದಲ್ಲಿ ಕೊನೆಯ ನೆಂಟರು ಫೋಟೋಗೆ ನಿಂತಿದ್ದರು. ಅವರಲ್ಲಿ ಒಂದಿಬ್ಬರು ಇತ್ತ ಕತ್ತು ತಿರುಗಿಸಿದರು. ಗಂಡ ವೇದಿಕೆಯ ಪಕ್ಕದಿಂದ ಅವಳನ್ನೇ ದುರುಗುಟ್ಟಿ ನೋಡಿ, ತುಟಿಯ ಮೇಲೆ ಬೆರಳಿಟ್ಟು ತೋರಿಸಿದ.

ಅವಳು ಕಿಟಕಿಯ ಹತ್ತಿರ ಹೋದಳು. ಇನ್ನು ಸ್ವಲ್ಪ ಹೊತ್ತು ಮಾವ, ಜನ ಹೊರಟಿದ್ದಾರೆ, ದನಕ್ಕೂ ಹೊಟ್ಟೆತುಂಬ ಹಾಕಿದ್ದೀನಿ ಎಂದು ಕೂಗಿ ಹೇಳಿದಳು. ಅವರಿಗೆ ಕೇಳಿಸಿತೋ ಇಲ್ಲವೋ, ಸರಳು ಹಿಡಿದು ಬೇಡ ಎಂಬಂತೆ ಜೋರಾಗಿ ತಲೆಯಾಡಿಸಿದರು. ಹಠ ಮಾಡುತ್ತಿದ್ದಾರೆ ಎಂದುಕೊಂಡಳು. ವಯಸ್ಸಾದವರ ಜೊತೆ ಎಷ್ಟು ಹೊತ್ತು ಹೀಗೆ ಮಾತಾಡುತ್ತ ನಿಲ್ಲುವುದು? ಕಿಟಕಿಯ ಹೊರಗಿನ ಕದ ಎಳೆದು ಮುಚ್ಚಿದಳು. ಬಡಿಯುವುದು ಬಹಳ ಹೊತ್ತು ನಡೆಯಿತು. ಅವಳು ಅಡುಗೆಯ ಕಡೆ ಹೋಗಿ ಮತ್ತೆರಡು ಬಕೆಟ್ಟು ತಂದು ಗೋದಲಿಗೆ ಸುರಿಯುವಷ್ಟರಲ್ಲಿ ಸದ್ದು ನಿಂತಿತ್ತು. ಸದ್ಯ ಎಂದುಕೊಂಡಳು.

ನೆಂಟರ ಕೊನೆಯ ಕಾರು ಗೇಟು ದಾಟಿದ ಮೇಲೆ ಬಂದು ಚಿಲಕ ತೆಗೆದಳು. ಮಾವ ಬಾಗಿಲಿನ ಹಿಂದೆಯೇ ನಿಂತಿದ್ದರು. ಅವಳನ್ನು ನೋಡಲೇ ಇಲ್ಲ. ಊರುಗೋಲು ಬಿಟ್ಟು ದಡಬಡ ಕೊಟ್ಟಿಗೆಗೆ ಹೋಗಿ, ಗೋದಲಿಗೆ ಎರಡೂ ಕೈ ಹಾಕಿ, ಉಳಿದ ಅನ್ನವನ್ನು ಬಾಚಿ ಬಾಚಿ ಹೊರಗೆ ಎಸೆದರು. ಉಳಿದದ್ದು ಅಷ್ಟೇನೂ ಇರಲಿಲ್ಲ.

"ಎಷ್ಟು ಹಾಕ್ದೆ?"

"ಗೋದಲಿ ತುಂಬ. ಆಮೇಲೆ ಇನ್ನೆರಡು ಬಕೆಟ್ಟು," ಎಂದಳು. ಅವರ ಮುಖ ನೋಡಿ ಅವಳ ಧ್ವನಿ ಇಳಿಯಿತು. "ದಿನಾ ಮುಸುರೆ ಕುಡೀತಾವಲ್ಲ ಮಾವ."

"ಮುಸುರೆ ಬೇರೆ," ಎಂದರು. "ಅನ್ನ ಇಷ್ಟು ತಿಂದ್ರೆ ಹೊಟ್ಟೇಲೇ ಹುಳಿಯಾಗುತ್ತಮ್ಮ. ಹುಲ್ಲು ತಿನ್ನೋ ಹೊಟ್ಟೆ ಅದು."

ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಸೋಡಾ ಪುಡಿ ಇದ್ದಷ್ಟೂ ತಾ, ಮಗಳಿಗೆ ಹೇಳಿ ದನದ ಡಾಕ್ಟರಿಗೆ ಫೋನು ಮಾಡಿಸು ಎಂದರು. ನೀರಿಗೆ ಸೋಡಾ ಕದಡಿ ಬಿದಿರಿನ ಗೊಟ್ಟದಲ್ಲಿ ಇಬ್ಬರೂ ಸೇರಿ ಕುಡಿಸಿದರು. ಹಸುಗಳನ್ನು ಕಣದಲ್ಲಿ ಸುತ್ತಾಡಿಸಿದರು, ಉದುರಿದ ಹೂವು, ಬಣ್ಣದ ಕಾಗದ, ಮಗುಚಿದ ಕುರ್ಚಿಗಳ ನಡುವೆ. ಡಾಕ್ಟರು ಮರುದಿನ ಬೆಳಿಗ್ಗೆ ಬಂದು, ಹೊಟ್ಟೆಗೆ ಕಿವಿಗೊಟ್ಟು ಕೇಳಿ, ಮೆಲುಕು ನಿಂತು ಬಹಳ ಹೊತ್ತಾಗಿದೆ ಎಂದರು. ಕೊಳವೆ ಹಾಕಿದರು, ಸೂಜಿ ಚುಚ್ಚಿದರು, ತಿಂದ ಕೂಡಲೇ ತಡೆದಿದ್ದರೆ ಮಾತು ಬೇರೆಯಿತ್ತು ಎಂದೂ ಹೇಳಿದರು.

ದೊಡ್ಡಮ್ಮ ಊಟದ ಹೊತ್ತಿಗೆ ಮುಂಚೆ ಹೋಯಿತು. ಗಯ್ಯಾಳಿ ಸಂಜೆಯವರೆಗೆ ಹಲ್ಲು ಕಡಿಯುತ್ತ ಬಿದ್ದಿತ್ತು. ಅದರ ಕಾಲ ಬುಡದಲ್ಲೇ ಕೂತು ಸೊಸೆ ಕೆಚ್ಚಲು ಸವರುತ್ತಿದ್ದಳು. ಅದು ಒಂದು ಸಲವೂ ಒದೆಯಲಿಲ್ಲ. ಒದೆಯೇ, ಒಂದು ಸಲ ಒದೆಯೇ ತಾಯಿ ಎಂದು ಅವಳು ಬೇಡಿಕೊಂಡಳು. ಕರು ಇನ್ನೂ ಹಾಲು ಕುಡಿಯುವ ಕರು, ಅನ್ನಕ್ಕೆ ಬಾಯಿ ಹಾಕಿರಲಿಲ್ಲ. ಅದೊಂದು ಉಳಿಯಿತು.

ಅವತ್ತೂ ಮದುವೆಯಿತ್ತು. ಕೊಟ್ಟಿಗೆಯ ಮುಂದೆ ಗಂಡ ವೇದಿಕೆಯ ಜರಿಪರದೆ ಕಟ್ಟಿಸಿದ. ಪರದೆಯ ಆಚೆ ಜನ ಉಂಡು ಹೋದರು. ಈಚೆ ಎರಡು ಹಸು ಸತ್ತದ್ದು ಯಾರಿಗೂ ತಿಳಿಯಲಿಲ್ಲ. ಕತ್ತಲಾಗುವ ಮುಂಚೆ ಟ್ರ್ಯಾಕ್ಟರು ಬಂದು ಹಿಂದಿನ ದಾರಿಯಿಂದ ಎಳೆದುಕೊಂಡು ಹೋಯಿತು.

ಊಟಕ್ಕೆ ಕೂತಾಗ ಗಂಡ ಕೇಳಿದ. "ಅನ್ನ ಹಾಕಿದ್ಯಾರು?"

ಸೊಸೆ ಸೌಟು ಹಿಡಿದು ನಿಂತಿದ್ದಳು. ಬಾಯಿ ತೆರೆದಳು.

"ನಾನೇ," ಎಂದರು ಮಾವ.

"ಜೀವಮಾನವೆಲ್ಲ ದನ ಸಾಕ್ದೋನು ನೀನು. ಇಷ್ಟೂ ಗೊತ್ತಾಗಲಿಲ್ವಾ?"

"ವಯಸ್ಸಾಯ್ತು. ಮರೆತೆ."

ಗಂಡ ಇನ್ನೂ ಏನೇನೋ ಅಂದ. ನನ್ನನ್ನು ದೂರುತ್ತಿದ್ದೆಯಲ್ಲ, ಈಗ ಕೊಂದವರು ಯಾರು ಎಂದೂ ಅಂದ. ಮಾವ ತಲೆ ತಗ್ಗಿಸಿ ಅನ್ನ ಕಲಸುತ್ತಿದ್ದರು, ಬಾಯಿಗಿಡಲಿಲ್ಲ. ಚಿಲಕ ಹಾಕಿದ್ದಾಗ ಮಾವ ಹೇಗೆ ಹೊರಗೆ ಬಂದರು ಎಂದು ಗಂಡ ಕೇಳಿದ್ದರೆ ಅವಳು ಹೇಳಿಬಿಡುತ್ತಿದ್ದಳೋ ಏನೋ. ಅವನು ಕೇಳಲಿಲ್ಲ. ಅವಳು ಸೌಟಿನಲ್ಲಿದ್ದುದನ್ನು ಅವನ ತಟ್ಟೆಗೆ ಬಡಿಸಿದಳು. ಅಷ್ಟೇ ಆದದ್ದು. ಹೇಡಿ ಎಂದರೆ ತಾನೇ ಎಂದು ಆ ಕ್ಷಣಕ್ಕೇ ಅವಳಿಗೆ ಗೊತ್ತಾಯಿತು, ಆದರೂ ಬಾಯಿ ಬರಲಿಲ್ಲ.

ಪಾತ್ರೆ ತೊಳೆಯುವಾಗ ಮಗಳು ಪಕ್ಕಕ್ಕೆ ಬಂದು ನಿಂತಳು.

"ಅಜ್ಜ ಬಾಗಿಲು ಬಡೀತಾ ಇದ್ದಿದ್ದು ಅದಕ್ಕೇ ಅಲ್ವಾ ಅಮ್ಮ?"

"ನಿನಗೆ ಕೇಳಿಸ್ತಾ?"

"ಕಣಜದ ಕೋಣೇಲಿ ಮದುಮಗಳ ಸೀರೆ ಮಡಿಸ್ತಾ ಇದ್ದೆ. ಕೇಳಿಸ್ತು."

"ಮತ್ತೆ ಯಾಕೆ ಹೋಗಿ ತೆಗೀಲಿಲ್ಲ?"

"ನೀನು ತೆಗೀತೀಯ ಅಂದ್ಕೊಂಡೆ," ಎಂದಳು ಮಗಳು. ತೊಳೆದ ತಟ್ಟೆಯನ್ನೇ ಮಗಳು ಮತ್ತೊಮ್ಮೆ ತೊಳೆದಳು.

ಕೆಲವು ದಿನ ಕಳೆದ ಮೇಲೆ ತಡೆಯಲಾರದೆ ಅವಳು ಗಂಡನ ಹತ್ತಿರ ಎಲ್ಲವನ್ನೂ ಹೇಳಿದಳು. ಅನ್ನ ಹಾಕಿದ್ದು ನಾನು, ಬಡಿದದ್ದು ಕೇಳಿದರೂ ತೆಗೆಯದವಳು ನಾನು, ಮಾವನ ಮೇಲೆ ಕೂಗಾಡಿದ್ದು ತಪ್ಪು, ಹೋಗಿ ಒಂದು ಮಾತು ಹೇಳಿ ಎಂದಳು. ಅವನು ಕೊಟ್ಟಿಗೆಯ ನೆಲಕ್ಕೆ ಎಂಥ ಕಲ್ಲು ಹಾಕಿಸಬೇಕೆಂದು ಮೊಬೈಲಿನಲ್ಲಿ ನೋಡುತ್ತಿದ್ದ.

"ಯಾರು ಹಾಕಿದ್ರೇನು, ಆಗಿದ್ದು ಆಯ್ತು. ಈಗ ಅಪ್ಪನ ಹತ್ರ ಅದನ್ನೆಲ್ಲ ಕೆದಕ್ಬೇಡ. ಶುಕ್ರವಾರ ಗಾರೆಯವರು ಬರ್ತಾರೆ, ಆ ಕರು ಎಲ್ಲಿ ಕಟ್ತಾರೋ ಕೇಳು."

ಅವಳಿಗೆ ಸಿಟ್ಟು ಬಂತು. ಸಿಟ್ಟಿನ ಅಡಿಯಲ್ಲಿ, ಇವನು ತನ್ನನ್ನು ಬೈಯಲಿಲ್ಲವಲ್ಲ ಎಂದು ಒಂದು ಸಮಾಧಾನವೂ ಆಯಿತು. ಆ ಸಮಾಧಾನಕ್ಕೆ ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

ಮಾವ ಖಾಲಿ ಗೋದಲಿಯ ಕಟ್ಟೆಯ ಮೇಲೆ ಕೂತು ಕರುವಿಗೆ ಬಾಟಲಿಯಲ್ಲಿ ಪ್ಯಾಕೆಟ್ ಹಾಲು ಕುಡಿಸುತ್ತಿದ್ದರು. ಅವಳು ಎದುರಿಗೆ, ಹಾಲು ಕರೆಯುವ ಮಣೆಯ ಮೇಲೆಯೇ ಕೂತಳು.

"ಮಾವ, ನೀವು ಬಡಿದಿದ್ದು ನನಗೆ ಕೇಳಿಸಿತ್ತು."

"ಗೊತ್ತು," ಎಂದರು. "ಕಿಟಕಿ ಹಾಕಿದೆಯಲ್ಲ."

ಅವಳು ಸೆರಗು ಬಾಯಿಗೆ ಅಡ್ಡ ಹಿಡಿದು ಅತ್ತಳು. ಮಾವ ಅಳು ಮುಗಿಯುವವರೆಗೆ ಕಾದರು. ಕರು ಬಾಟಲಿ ಮುಗಿಸಿ ಅವರ ಬೆರಳು ಚೀಪತೊಡಗಿತು.

"ಮತ್ತೆ ನೀವೇ ಹಾಕಿದ್ದು ಅಂತ ಯಾಕೆ ಹೇಳಿದ್ರಿ?"

"ನಿನ್ನ ಹೆಸರು ಹೇಳಿದ್ರೆ ಅವನು ಕೂಗಾಡ್ತಾನೆ. ನೀನು ಮುಖ ಊದಿಸ್ಕೋತೀಯ. ಆಮೇಲೆ ಈ ಮನೇಲಿ ನನಗೆ ಒಂದು ಲೋಟ ನೀರು ಕೊಡೋರು ಯಾರು?" ಎಂದರು. ಅದರಲ್ಲಿ ಕೊಂಕೂ ಇರಲಿಲ್ಲ, ಕರುಣೆಯೂ ಇರಲಿಲ್ಲ. ಲೆಕ್ಕ ಒಪ್ಪಿಸಿದ ಹಾಗೆ ಹೇಳಿದರು.

ಕರುವನ್ನು ತಾನು ಉಳಿಸುತ್ತೇನೆ, ಹಿಂದಿನ ಕೋಣೆಯ ಪಕ್ಕ ಚಪ್ಪರ ಹಾಕಿಸುತ್ತೇನೆ, ಗಂಡನ ಕಾಲು ಹಿಡಿದಾದರೂ ಒಪ್ಪಿಸುತ್ತೇನೆ ಎಂದು ಅವಳು ಹೇಳಿದಳು. ಮಾವ ಬೇಡ ಎಂದರು. ಪಾಲಿಗೆ ಹೊಲ ಮಾಡುವವನಿಗೆ ಆಗಲೇ ಹೇಳಿ ಕಳಿಸಿದ್ದರು. ಅವನು ಸಂಜೆ ಹಗ್ಗ ಹಿಡಿದು ಬಂದ. ಕರುವಿನ ಹೆಸರೇನು ಎಂದು ಕೇಳಿದ್ದಕ್ಕೆ, ಗುಣ ನೋಡಿ ನೀನೇ ಇಡು ಎಂದರು. ಕರು ಗೇಟಿನವರೆಗೆ ಹೋಗಿ, ಕಾಲೂರಿ ನಿಂತು ಒಂದು ಸಲ ಕೂಗಿತು. ಅವಳು ತಡೆಯಲಾರದೆ, ಯಾಕೆ ಮಾವ, ಇದೊಂದು ಇರುತ್ತಿತ್ತಲ್ಲ ಎಂದಳು.

"ಚಿಲಕ ಹೊರಗಡೆ ಇರೋ ಮನೇಲಿ ದನ ಕಟ್ಟಬಾರದಮ್ಮ," ಎಂದರು ಮಾವ. "ಅವಕ್ಕೆ ಕಷ್ಟ ಆದ್ರೆ ಯಾರು ಹೋಗೋರು?"

ಕೊಟ್ಟಿಗೆ ಊಟದ ಹಾಲ್ ಆಯಿತು. ಗೋದಲಿಯನ್ನು ಒಡೆಯಲಿಲ್ಲ. ಹಳೆಯ ಕಾಲದ್ದು, ನೋಡಲು ಚೆನ್ನಾಗಿದೆ ಎಂದು ಅಲಂಕಾರದವನು ಹೇಳಿದ್ದರಿಂದ ಅದರ ತುಂಬ ನೀರು ಬಿಟ್ಟು ಹೂವು ತೇಲಿಸಿದರು. ಜನ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ ಎಂದು ಗಂಡ ಖುಷಿಯಾಗಿದ್ದ. ಹಾಲಿನ ಪಾತ್ರೆಯನ್ನು ಸೊಸೆ ಅಟ್ಟಕ್ಕೆ ಹಾಕಿದಳು. ಬೆಳಿಗ್ಗೆ ಎದ್ದ ಕೂಡಲೇ ಅವಳ ಕೈಗೆ ಕೆಲಸವಿರುತ್ತಿರಲಿಲ್ಲ, ಸುಮ್ಮನೆ ಹಿತ್ತಿಲ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಮಾವ ಕೋಣೆ ಬಿಟ್ಟು ಬರುವುದು ಕಡಿಮೆಯಾಯಿತು. ಕಾಫಿ ಕೊಟ್ಟರೆ ಕುಡಿಯುತ್ತಿದ್ದರು, ಕೊಡದಿದ್ದರೆ ಕೇಳುತ್ತಿರಲಿಲ್ಲ.

ಹೊಸ ಊಟದ ಹಾಲ್ ಆದ ಮೇಲೆ ಮೊದಲ ಮದುವೆಯ ದಿನ ಬಂತು. ಅವಳು ಎಂದಿನಂತೆ ಹಾಸಿಗೆ ಸುತ್ತಿದಳು, ಪಾತ್ರೆ ಸಾಗಿಸಿದಳು, ಹಗ್ಗದ ಮೇಲಿನ ಬಟ್ಟೆ ತೆಗೆದಳು. ಚಿಲಕ ಮಾತ್ರ ಹಾಕಬಾರದು ಎಂದು ಹಿಂದಿನ ದಿನವೇ ನಿಶ್ಚಯಿಸಿದ್ದಳು. ಗಂಡ ಕೇಳಿದರೆ ಈ ಸಲ ಉತ್ತರವನ್ನೂ ಸಿದ್ಧ ಮಾಡಿಕೊಂಡಿದ್ದಳು. ಮಾವನಿಗೆ ಒಗೆದ ಉದ್ದ ಪಂಚೆ, ಶರಟು ಮಂಚದ ಮೇಲಿಟ್ಟು, ಬಾಗಿಲು ತೆರೆದೇ ಇರುತ್ತದೆ ಮಾವ, ನಿಮಗೆ ಯಾವಾಗ ಬೇಕೋ ಬನ್ನಿ, ಯಾರು ಏನಂದರೂ ನಾನಿದ್ದೀನಿ ಎಂದಳು. ಆ ಮಾತು ಹೇಳಲು ಅವಳಿಗೆ ಎಷ್ಟು ಧೈರ್ಯ ಬೇಕಾಯಿತು ಎಂಬುದು ಅವಳಿಗೇ ಗೊತ್ತು.

ಮಾವ ಗೋಡೆಗೆ ಒರಗಿ ಕೂತಿದ್ದರು. ಶರಟನ್ನು ಮುಟ್ಟಲಿಲ್ಲ.

"ಹಾಕಮ್ಮ ಚಿಲಕ," ಎಂದರು. "ತೆಗೆದಿದ್ರೆ ಸುಮ್ನೆ ಹೊರಗೆ ಹೋಗ್ಬೇಕು ಅನ್ಸುತ್ತೆ. ಹೋಗಿ ನೋಡೋಕೆ ಏನಿದೆ ಅಲ್ಲಿ?"

ಅವಳು ಬೇಡ ಮಾವ ಎಂದಳು. ಅವರು ಮತ್ತೊಮ್ಮೆ ಹಾಕು ಎಂದರು, ಮಗುವಿಗೆ ಹೇಳುವಷ್ಟು ಮೆತ್ತಗೆ. ಅಂಗಳದಿಂದ ಗಂಡ ಅವಳನ್ನು ಕೂಗಿ ಕರೆದ, ತಾನು ಮಾಡಿದ ಕಾನೂನು ತಾನೇ ಮರೆತು. ಅವಳು ಬಾಗಿಲು ಎಳೆದುಕೊಂಡಳು, ಸ್ವಲ್ಪ ಹೊತ್ತು ನಿಂತಳು, ಚಿಲಕ ಹಾಕಿದಳು.

ಅವತ್ತು ಹಾಡು ಶುರುವಾದಾಗಿನಿಂದ ಅವಳ ಕಿವಿ ಹಿಂದಿನ ಸಾಲಿನ ಕಡೆಗೇ ಇತ್ತು. ಮದುಮಗಳಿಗೆ ನೀರು ಕೊಡುವಾಗ, ತಟ್ಟೆ ಜೋಡಿಸುವಾಗ, ನೆಂಟರಿಗೆ ಬಚ್ಚಲ ದಾರಿ ತೋರಿಸುವಾಗ ಕಿವಿ ಅಲ್ಲೇ. ಒಂದು ಸಲ ಬಡಿದರೆ ಸಾಕು, ಎರಡನೆಯ ಸಲಕ್ಕೆ ಕಾಯುವುದಿಲ್ಲ, ಕೈಯಲ್ಲಿ ಏನಿದ್ದರೂ ಬಿಸಾಡಿ ಓಡುತ್ತೇನೆ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದಳು. ಬಡಿಯಿರಿ ಮಾವ ಎಂದು ಕೊನೆಕೊನೆಗೆ ಅವಳ ತುಟಿಯೂ ಅಲ್ಲಾಡಿತು. ಹಾಡಿಗೂ ಹಾಡಿಗೂ ನಡುವೆ ಸ್ಪೀಕರ್ ಸುಮ್ಮನಾಗುತ್ತಿತ್ತು. ಆಗೆಲ್ಲ ಅವಳು ನಡೆಯುತ್ತಿದ್ದಲ್ಲೇ ನಿಂತು ಆಲಿಸುತ್ತಿದ್ದಳು. ಜನ ಅವಳನ್ನು ಸುತ್ತಿಕೊಂಡು ಹೋದರು. ಊಟವಾಯಿತು, ಫೋಟೋ ಆಯಿತು, ಕಾರುಗಳು ಒಂದೊಂದಾಗಿ ಹೊರಟವು. ಆ ಕಡೆಯಿಂದ ಒಂದು ಸದ್ದೂ ಬರಲಿಲ್ಲ.